ಒಳಗೆ ಬಿಡದ ಸರ್ವರ್

ಹೋದ ಶುಕ್ರವಾರ ರಾತ್ರಿ ಬೀದರಿಗೆ ಹೊರಟಿದ್ದೆ. ಬ್ಯಾಗು ಹೆಗಲಿಗೆ ಹಾಕಿಕೊಂಡು ಮಿಯಾಪುರ ಮೆಟ್ರೊ ಸ್ಟೇಷನ್ನಿನ ಕೆಳಗೆ ಬಸ್ಸಿಗೆ ಕಾಯುತ್ತಿದ್ದಾಗ ಫೋನು ಬಂತು. ನಮ್ಮ ಗಲ್ಲಿಯ ಹಾಸ್ಟೆಲಿನಲ್ಲಿರುವ ಭಾಲ್ಕಿ ಕಡೆಯ ಹುಡುಗ. ಕೆಲಸಕ್ಕೆ ಸೇರಿ ಮೂರನೇ ವಾರ.

"ಅಣ್ಣಾ, ಸರ್ವರ್ ಒಳಗ ಬಿಡವಲ್ದು. ಮಧ್ಯಾಹ್ನ ಛಲೋ ಇತ್ತು. ನಾಳೆ ಮುಂಜಾನೆ ಕ್ಲೈಂಟಿಗೆ ತೋರಿಸ್ಬೇಕು, ನನ್ ನೌಕ್ರಿ ಹೋಯ್ತು ನೋಡ್ರಿ."

"ಅಳಬ್ಯಾಡ. ಪರದೆ ಮ್ಯಾಲ ಏನದ, ಒಂದಕ್ಷರ ಬಿಡಲಾರ್ದ ಓದು."

"ಪರ್ಮಿಷನ್ ಡಿನೈಡ್. ಬ್ರಾಕೆಟ್ಟಿನಾಗ ಪಬ್ಲಿಕ್ ಕೀ."

ನನಗೆ ಅರ್ಧ ಸಮಾಧಾನವಾಯಿತು. ಎಸ್‌ಎಸ್‌ಎಚ್ ಒಳಗೆ ಬಿಡದಿದ್ದಾಗ ಬೈಯುವ ಮಾತು ಕೇಳಿದರೆ ನಾವು ಎಲ್ಲಿಯವರೆಗೆ ಹೋಗಿದ್ದೇವೆ ಅನ್ನುವುದು ಗೊತ್ತಾಗುತ್ತದೆ. 'ಕನೆಕ್ಷನ್ ಟೈಮ್ಡ್ ಔಟ್' ಅಂದರೆ ಉತ್ತರವೇ ಇಲ್ಲ. ವಿಪಿಎನ್, ಐಪಿ ವಿಳಾಸ, ಫೈರ್‌ವಾಲ್ ನೋಡಬೇಕು. 'ರೆಫ್ಯೂಸ್ಡ್' ಅಂದರೆ ಸಾಮಾನ್ಯವಾಗಿ ಯಂತ್ರ ಸಿಕ್ಕಿದೆ, ಆದರೆ 22ನೇ ಪೋರ್ಟಿನಲ್ಲಿ ಕೇಳುವವರಿಲ್ಲ. 'ಪರ್ಮಿಷನ್ ಡಿನೈಡ್' ಅಂದರೆ ಬಾಗಿಲವರೆಗೆ ಹೋಗಿಯಾಗಿದೆ, ಒಳಗಿನವರು ನಮ್ಮ ಬೀಗದ ಕೈ ಒಪ್ಪುತ್ತಿಲ್ಲ. ಹೋಸ್ಟ್ ಕೀ ಬದಲಾಗಿದೆ ಎಂಬ ಎಚ್ಚರಿಕೆ ಬಂದರೆ ಮಾತ್ರ, ಹಳೆಯ ಸಾಲು ಅಳಿಸಿ ಮುಂದೆ ಹೋಗುವ ನಮ್ಮೆಲ್ಲರ ಚಟ ಬಿಡಬೇಕು. ಸರ್ವರನ್ನು ಹೊಸದಾಗಿ ಹಾಕಿದ್ದಾರೋ, ನಡುವೆ ಯಾರಾದರೂ ಕೂತಿದ್ದಾರೋ, ಮೊದಲು ಫೋನು ಮಾಡಿ ಕೇಳಿ. 1995ರಲ್ಲಿ ಫಿನ್ಲೆಂಡಿನ ಟಾಟು ಉಲೋನೆನ್ ಎಸ್‌ಎಸ್‌ಎಚ್ ಬರೆದದ್ದೇ ಅವರ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಪಾಸ್‌ವರ್ಡ್ ಕದ್ದು ಕೇಳಿಸಿಕೊಂಡದ್ದರಿಂದ. ಅಲ್ಲಿಯವರೆಗೆ ಟೆಲ್ನೆಟ್ಟಿನಲ್ಲಿ ಪಾಸ್‌ವರ್ಡ್ ಬಟಾಬಯಲಿನಲ್ಲೇ ಓಡಾಡುತ್ತಿತ್ತು.

ಬಸ್ಸು ಬಂತು. ನಾನು ಹತ್ತಲಿಲ್ಲ.

"ಮಧ್ಯಾಹ್ನದ ಕಿಟಕಿ ಇನ್ನೂ ತೆರದದ ಏನು?"

"ಒಂದು ಅದರೀ. ಮುಚ್ಚಿಬಿಡ್ಲಾ?"

"ಮುಟ್ಟಬ್ಯಾಡ!" ರಸ್ತೆಯಲ್ಲಿದ್ದವರು ತಿರುಗಿ ನೋಡುವಷ್ಟು ಜೋರಾಗಿ ಕೂಗಿದೆ. ಒಳಗಿರುವ ಒಂದೇ ಕಾಲು ಅದು. ಎಸ್‌ಎಸ್‌ಎಚ್ ಸೆಟ್ಟಿಂಗು ಮುಟ್ಟುವಾಗಲೂ ಅಷ್ಟೇ, ಹೊಸ ಕಿಟಕಿಯಲ್ಲಿ ಲಾಗಿನ್ ಆಗಿ ತೋರಿಸುವವರೆಗೆ ಹಳೆಯದನ್ನು ಮುಚ್ಚಬಾರದು.

ಹೊರಗಿನಿಂದ 'ಹೈಫನ್ ವಿ' ಹಾಕಿ ನೋಡಿಸಿದೆ. ಕೀ ಕೊಡುತ್ತಿದೆ, ಸರ್ವರ್ ಬೇಡ ಅನ್ನುತ್ತಿದೆ, ಕಾರಣ ಹೇಳುತ್ತಿಲ್ಲ. ಕಾರಣವನ್ನು ಅದು ಹೊರಗಿನವರಿಗೆ ಹೇಳುವುದಿಲ್ಲ, ತನ್ನ ಲಾಗಿನಲ್ಲಿ ಬರೆದುಕೊಳ್ಳುತ್ತದೆ. ಉಬುಂಟುವಿನಲ್ಲಿ ಆಥ್ ಡಾಟ್ ಲಾಗ್, ರೆಡ್ ಹ್ಯಾಟ್ ಕಡೆ ಸೆಕ್ಯೂರ್ ಎಂಬ ಕಡತ. ತೆರೆದಿದ್ದ ಕಿಟಕಿಯಿಂದ ಓದಿದ: ಹೋಮ್ ಡೈರೆಕ್ಟರಿಯ ಒಡೆತನ ಅಥವಾ ಮೋಡ್ ಸರಿಯಿಲ್ಲ.

"ಚ್‌ಮಾಡ್ ಏನಾದ್ರೂ ಹೊಡದೀಯೇನು?"

ಸ್ವಲ್ಪ ಹೊತ್ತು ಮಾತಿಲ್ಲ. "ಅಪ್‌ಲೋಡ್ ಆಗ್ತಿರ್ಲಿಲ್ರೀ. ಹೋಮಿನಾಗ ಎಲ್ಲದಕ್ಕೂ 777 ಕೊಟ್ಟೆ. ನೀವೇ ಹೇಳಿದ್ರಲ್ಲ ಅವತ್ತು?"

ಹೇಳಿದ್ದೆ. ದೀಪಾವಳಿ ರಜೆಯಲ್ಲಿ ಅವನ ಲ್ಯಾಪ್‌ಟಾಪಿನಲ್ಲಿ ಏನೋ ತಕರಾರು ಬಂದಾಗ, ಚಹಾ ಆರುತ್ತದೆ ಅಂತ, "777 ಕೊಟ್ಟು ಬಿಡೋ" ಅಂದಿದ್ದೆ. ಯಾರು ಬೇಕಾದರೂ ಬರೆಯಬಹುದಾದ ಮನೆಯಲ್ಲಿರುವ ಕೀ ಪಟ್ಟಿಯನ್ನು ಎಸ್‌ಎಸ್‌ಎಚ್ ನಂಬುವುದಿಲ್ಲ, ಅದರಲ್ಲಿ ಯಾರಾದರೂ ತಮ್ಮ ಕೀ ಸೇರಿಸಿರಬಹುದಲ್ಲ. ಇದನ್ನು ಅವನಿಗೆ ಅವತ್ತು ಹೇಳಿರಲಿಲ್ಲ.

ಹೋಮಿಗೆ 750, ಡಾಟ್ ಎಸ್‌ಎಸ್‌ಎಚ್ ಫೋಲ್ಡರಿಗೆ 700, ಆಥರೈಸ್ಡ್ ಕೀಸ್ ಕಡತಕ್ಕೆ 600. ಹೊಸ ಕಿಟಕಿ ತೆರೆಸಿದೆ. "ಬಂತ್ರೀ ಅಣ್ಣಾ!" ಅಂದ. ಉಳಿದ ಕಡತಗಳ ಮೋಡನ್ನೂ ಒಂದೊಂದಾಗಿ ಸರಿಮಾಡಿ, ನಡೆದದ್ದನ್ನು ಟೀಮ್ ಲೀಡಿಗೆ ಮುಚ್ಚಿಡದೆ ಬರೆಯಲು ಹೇಳಿದೆ. ತಪ್ಪು ಹೇಳಿಕೊಟ್ಟದ್ದು ನಾನೇ ಅಂತಲೂ ಅವನಿಗೆ ಹೇಳಿದೆ.

ಮುಂದಿನ ಬಸ್ಸಿನಲ್ಲಿ ಸೀಟಿರಲಿಲ್ಲ. ಜಹೀರಾಬಾದಿನವರೆಗೆ ನಿಂತೇ ಹೋದೆ.