ಜೀರಿಗೆಯನ್ನೂ ಬರೆದಿಡಬೇಕು

1857ರಲ್ಲಿ ಹತಾರ ಒಪ್ಪಿಸಲು ಒಲ್ಲೆವೆಂದು ಮುಧೋಳ ಸಂಸ್ಥಾನದ ಹಲಗಲಿ ಬೇಡರು ಬ್ರಿಟಿಷರ ಎದುರು ನಿಂತರು. ಇತಿಹಾಸದ ಪುಸ್ತಕ ಇದನ್ನು ಕಾಯ್ದೆ, ದಂಡು, ಗಲ್ಲು ಎಂಬ ಮೂರು ಮಾತಿನಲ್ಲಿ ಹೇಳಿ ಮುಗಿಸುತ್ತದೆ. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಸಂಗ್ರಹಿಸಿದ ಲಾವಣಿ ಹಾಗಲ್ಲ. ಹನುಮ, ಬಾಲ, ಜಡಗ, ರಾಮರ ಹೋರಾಟ ಹಾಡುತ್ತಲೇ ಅದು ದಂಡು ಸೂರೆ ಮಾಡಿದ ಮನೆಗಳೊಳಕ್ಕೂ ಹೋಗುತ್ತದೆ. ಬೆಣ್ಣೆ, ಉಪ್ಪು, ಎಣ್ಣೆ, ಅರಿಷಿಣ, ಬೆಲ್ಲ, ಜೀರಿಗೆ ಕೂಡ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಗಲ್ಲಿಗೇರಿದವರ ಸಂಖ್ಯೆ ಕೇಳಿ ತಲೆಬಾಗುತ್ತೇವೆ. ಜೀರಿಗೆಯನ್ನೂ ಬಿಡಲಿಲ್ಲವೆಂದಾಗ ಕರುಳು ಚುರುಕ್ಕೆನ್ನುತ್ತದೆ.

ಸ್ವಂತ ನೆನಪೊಂದನ್ನು ಒಂದೆರಡು ಪುಟದಲ್ಲಿ ಬರೆಯಬೇಕೆನ್ನುವವರಿಗೆ ಈ ಲಾವಣಿಯೇ ಗುರು. ಆತ್ಮಕಥೆ ಅಧಿಕಾರ ಕಂಡವರ ಸೊತ್ತು, ನಮ್ಮಂಥವರದ್ದೇನಿದೆ ಎಂದು ಹಿಂಜರಿಯುವವರೇ ಮುಧೋಳದ ಈ ಸೀಮೆಯಲ್ಲಿ ಹೆಚ್ಚು. ಅವರು ರನ್ನನನ್ನು ನೆನೆಯಬೇಕು. 993ರ ‘ಅಜಿತಪುರಾಣ’ ತೀರ್ಥಂಕರನ ಕಥೆ. ಅದರೊಳಗೇ ರನ್ನ ತನ್ನ ಊರು ಜಂಬುಖಂಡಿ ಎಪ್ಪತ್ತರ ಮುದುವೊಳಲು (ಈಗಿನ ಮುಧೋಳ), ಕುಲ ಬಳೆಗಾರರದು, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ ಎಂದು ಹೇಳಿಕೊಂಡ. ಕವಿಚಕ್ರವರ್ತಿ ಎನಿಸಿಕೊಂಡವನಿಗೆ ಬಳೆಯ ಮಲಾರ ಮುಚ್ಚಿಡುವುದು ಸುಲಭವಿತ್ತು. ಮುಚ್ಚಿಡಲಿಲ್ಲ. ಸಾವಿರ ವರ್ಷದ ಮೇಲೂ ಆ ತಾಯಿಯ ಹೆಸರು ನಮಗೆ ಗೊತ್ತಿರುವುದು ಆ ನಾಲ್ಕು ಮಾತಿನಿಂದ. ಅವಳ ಓರಗೆಯ ಉಳಿದ ಬಳೆಗಾರ್ತಿಯರ ಹೆಸರು ಎಲ್ಲಿದೆ?

ನೆನಪನ್ನು ನಂಬುವುದು ಹೇಗೆ ಎಂಬ ಆಕ್ಷೇಪ ಸುಳ್ಳಲ್ಲ. ಐವತ್ತು ವರ್ಷದ ಹಿಂದಿನ ಮಾತುಕತೆಯನ್ನು ಅಕ್ಷರಶಃ ಬರೆಯಹೋದರೆ ಅರ್ಧ ಕಟ್ಟಿದ್ದೇ ಇರುತ್ತದೆ. ಬರಹ ಚಿಕ್ಕದಿರಬೇಕೆನ್ನುವುದು ಅದಕ್ಕೇ. ಇಡೀ ಬಾಳು ಹೇಳಹೊರಟವರು ಸಂದು ತುಂಬಲು ಕಲ್ಪನೆಗೆ ಕೈಹಾಕುತ್ತಾರೆ; ಒಂದು ದಿನಕ್ಕೆ, ಒಂದು ವಸ್ತುವಿಗೆ ನಿಂತವರಿಗೆ ಆ ಗರಜು ಬೀಳುವುದಿಲ್ಲ. ಇಷ್ಟು ನೆನಪಿದೆ, ಇದರಾಚೆ ಇಲ್ಲ ಎಂದು ಬರೆದರೆ ಅದೂ ಸಾಕ್ಷಿಯೇ. ಮೊಬೈಲಿನಲ್ಲಿ ಮಾತು ಹಿಡಿದಿಟ್ಟರೆ ಸಾಲದೇ ಎನ್ನುವವರೂ ಇದ್ದಾರೆ. ಹಿಡಿದಿಡಲಿ. ಆದರೆ ಬರೆಯಲು ಕೂತವರು ಬೇಕಾದ್ದನ್ನು ಆರಿಸಬೇಕಾಗುತ್ತದೆ, ಮನಸ್ಸಿನಲ್ಲಿ ನಿಜಕ್ಕೂ ಉಳಿದದ್ದು ಯಾವುದೆಂದು ತಿಳಿಯುವುದು ಆಗ. ನಮ್ಮ ಭಾಷೆ ಶುದ್ಧವಿಲ್ಲ ಎಂಬ ಅಳುಕಿಗಂತೂ ಸೊಪ್ಪು ಹಾಕಬಾರದು. ಲಾವಣಿ ಹುಟ್ಟಿದ್ದು ಉತ್ತರ ಕರ್ನಾಟಕದ ಬಾಯಿಮಾತಿನಲ್ಲೇ.

ಅವಸರಕ್ಕೂ ಕಾರಣವಿದೆ. ಆಲಮಟ್ಟಿ ಅಣೆಕಟ್ಟಿನ ನೀರನ್ನು ಈಗಿನ 519.60 ಮೀಟರಿನಿಂದ 524.256ಕ್ಕೆ ಏರಿಸುವ ಯೋಜನೆ ಜಾರಿಯಾದರೆ ಬೀಳಗಿ, ಜಮಖಂಡಿ ಕಡೆಯ ಇನ್ನಷ್ಟು ಹೊಲ, ಮನೆ ಮುಳುಗುತ್ತವೆ. ಪರಿಹಾರದ ಕಾಗದದಲ್ಲಿ ಎಕರೆ, ಗುಂಟೆ, ಗೋಡೆ, ಗಿಡಗಳಿಗೆ ಜಾಗವಿದೆ. ಕಟ್ಟೆಯ ಮೇಲೆ ಯಾರು ಎಲ್ಲಿ ಕೂಡುತ್ತಿದ್ದರು, ಹೊಳೆಗೆ ಇಳಿಯುವಾಗ ಯಾವ ಕಲ್ಲು ಜಾರುತ್ತಿತ್ತು ಎಂಬುದಕ್ಕೆ ಇಲ್ಲ. ನೇಕಾರರ ಊರು ರಬಕವಿ-ಬನಹಟ್ಟಿಯಲ್ಲಿ ನೀರಿಲ್ಲದೆಯೇ ಮುಳುಗಡೆಯಾಗುತ್ತಿದೆ. ಕುಣಿಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂತು. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತವರ ಮೊಣಕಾಲಿಗೆ ಚಳಿಗಾಲದಲ್ಲಿ ನೆಲದ ತಂಪು ಹೇಗೆ ಏರುತ್ತಿತ್ತು, ಕಂಡಿಕೆ ಸುತ್ತುವಾಗ ನೂಲು ಹರಿದರೆ ಹೆಣ್ಣುಮಕ್ಕಳು ಯಾವ ಬೆರಳಿನಿಂದ ಹೊಸೆದು ಕೂಡಿಸುತ್ತಿದ್ದರು ಎಂಬುದು ಯಾವ ಲೆಕ್ಕಪುಸ್ತಕದಲ್ಲೂ ಸಿಗದು. ಬಲ್ಲವರು ಇನ್ನೂ ಪಡಸಾಲೆಯಲ್ಲಿ ಕೂತಿದ್ದಾರೆ. ಅವರಿಗೆ ಬರೆಯಲು ಬಾರದಿದ್ದರೆ, ಹೇಳಿದ್ದನ್ನು ಬರೆದುಕೊಳ್ಳಬಲ್ಲ ಮೊಮ್ಮಗಳು ಅದೇ ಮನೆಯಲ್ಲಿದ್ದಾಳೆ.