ರೋಗಾ ಎಂದರೆ ರೋಗವಲ್ಲ

ನಮ್ಮ ಮನೆಗೆ ಮಗಳು ಬಂದ ಸುದ್ದಿ ಸಂಘದ ಬಹು ಮಂದಿಗೆ ತಿಳಿದಿದೆ. ಅವಳು ಬಂದ ಹದಿನೈದನೆಯ ದಿನ ಎದ್ದ ಗಲಾಟೆ ಮಾತ್ರ ತಿಳಿದಿರಲಾರದು. ದಿನ ತುಂಬಿ ಹುಟ್ಟಿದ ಕೂಸಾದರೂ ತೂಕ 2 ಕಿಲೋ 150 ಗ್ರಾಂ. ನೋಡಲು ಬಂದ ಪಕ್ಕದ ಮನೆಯ ಮಾಶಿಮಾ ತೊಟ್ಟಿಲಿಗೆ ಬಗ್ಗಿ, "ಆಹಾ, ಬಡೋ ರೋಗಾ!" ಎಂದರು. ಬಂಗಾಳಿಯಲ್ಲಿ ರೋಗಾ ಎಂದರೆ ಸಣಕಲು ಎಂದಷ್ಟೇ ಅರ್ಥ. ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆಯವರಿಗೆ ಅದು ತಿಳಿಯಬೇಕಲ್ಲ! "ಏನು ರೋಗವಂತೆ?" ಎಂದು ಸೆರಗನ್ನು ಬಾಯಿಗೆ ಹಿಡಿದು ಕುಳಿತವರು, ಸಂಜೆಗೆ ನನ್ನ ಕೈಗೊಂದು ಚೀಟಿ ಕೊಟ್ಟರು. ಲೇಕ್ ಮಾರ್ಕೆಟ್ಟಿನಿಂದ ಹಾಲಿನ ಪುಡಿಯ ಡಬ್ಬಿ ತರಬೇಕು, ಒಂದಲ್ಲ, ನಾಲ್ಕು. "ತುಂಬ ಕುಡಿಸಿದರೆ ತಿಂಗಳಲ್ಲಿ ಗುಂಡಗಾಗುತ್ತಾಳೆ, ನೋಡುತ್ತಿರಿ" ಎಂದರು.

ಚೀಟಿ ಜೇಬಿನಲ್ಲೇ ಉಳಿಯಿತು. ಮೊದಲು ಮಕ್ಕಳ ಡಾಕ್ಟರನ್ನು ಕೇಳಿದೆ, ಆಮೇಲೆ ಒಂದಿಷ್ಟು ಓದಿದೆ.

ಹುಟ್ಟಿದಾಗ ಎರಡೂವರೆ ಕಿಲೋಗಿಂತ ಕಡಮೆಯಿದ್ದರೆ ಹಗುರದ ಮಗುವೆಂದು ಲೆಕ್ಕ. ಗರ್ಭದಲ್ಲಿ ಮಗುವನ್ನು ಬೆಳೆಸುವ ಹಾರ್ಮೋನುಗಳಲ್ಲಿ ಮುಖ್ಯವಾದವು ಎರಡು. ಒಂದು, ಸಕ್ಕರೆ ಕಾಯಿಲೆಯವರೆಲ್ಲ ಬಲ್ಲ ಇನ್ಸುಲಿನ್. ಇನ್ನೊಂದು, ಅದರ ದಾಯಾದಿಯಂಥ ಐ.ಜಿ.ಎಫ್.-1. ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯ ಬೆಳವಣಿಗೆಯ ಹಾರ್ಮೋನಿಗೆ ಆಗ ಹೆಚ್ಚು ಅಧಿಕಾರವಿಲ್ಲ. ಹುಟ್ಟಿದ ಮೇಲೆ ಮೆಲ್ಲಗೆ ಚಾರ್ಜು ವಹಿಸಿಕೊಳ್ಳುತ್ತದೆ. ತಾಯಿಯಿಂದ ಆಹಾರ ಸಾಲದೆ ಬಂದಾಗ ಮೊದಲಿನ ಎರಡೂ ಇಳಿಯುತ್ತವೆ. ಮಗು ಇದ್ದುದರಲ್ಲಿ ಮೆದುಳಿಗೆ ಮೊದಲು ಮಂಜೂರು ಮಾಡಿ, ಮಿಕ್ಕ ಮೈಯ ಖರ್ಚನ್ನು ಕಡಿತಗೊಳಿಸುತ್ತದೆ. ಸರ್ಕಾರಿ ಕಚೇರಿಯವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಟ್ಟಿ, ಹಾಲು ಸಿಕ್ಕ ಮೇಲೆ ಐ.ಜಿ.ಎಫ್. ಏರುತ್ತದೆ. ಇಂಥ ಮಕ್ಕಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು, ಎರಡು ವರ್ಷದೊಳಗೆ ಎತ್ತರದಲ್ಲಿ ಓರಗೆಯವರನ್ನು ಹಿಡಿಯುತ್ತವೆ.

ಹಾಗಾದರೆ ಚಿಂತೆಯೇಕೆ? ಇಲ್ಲಿ ನಮ್ಮ ಮೈಸೂರಿನ ಕಥೆ ಬರುತ್ತದೆ. ಮಂಡಿ ಮೊಹಲ್ಲದ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತ ಬಂದರು. ಬರೆದ ದಾದಿಯರಿಗೆ ಇದು ಮುಂದೆ ಯಾರಿಗೆ ಬೇಕಾದೀತೆಂಬ ಕಲ್ಪನೆಯೂ ಇರಲಾರದು. ರೆಕಾರ್ಡ್ ರೂಮಿನ ಧೂಳು ಕುಡಿದವನಾದ್ದರಿಂದ ಹೇಳುತ್ತೇನೆ, ಅವರಿಗೆ ನನ್ನ ನಮಸ್ಕಾರ. ಇಂಗ್ಲೆಂಡಿನ ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಮೊದಲಾದವರು ಮೈಸೂರಿನ ವೈದ್ಯರೊಡನೆ ಸೇರಿ, 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲ ಇದು: ಹುಟ್ಟುವಾಗ ಸಣ್ಣವರಾಗಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು. ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಮೆಯಿದ್ದು, ಬಸುರಿನಲ್ಲಿ ತಾಯಿಯ ತೂಕವೂ 45 ಕಿಲೋ ಮುಟ್ಟದಿದ್ದವರಲ್ಲಿ ನೂರಕ್ಕೆ 20 ಮಂದಿಗೆ ಆ ಕಾಯಿಲೆಯಿತ್ತು.

ದೆಹಲಿಯಲ್ಲಿ ಹುಟ್ಟಿನಿಂದ ಅಳತೆ ಮಾಡಿಕೊಂಡು ಬಂದವರ ಲೆಕ್ಕ 2004ರಲ್ಲಿ ಹೊರಬಂತು. ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆ ಕಂಡವರು ಎರಡು ವರ್ಷದ ತನಕ ತೆಳ್ಳಗಿದ್ದು, ಆಮೇಲೆ ಹನ್ನೆರಡರವರೆಗೆ ಎತ್ತರಕ್ಕೆ ಮೀರಿ ತೂಕ ಏರಿಸಿಕೊಂಡವರು. ಹನ್ನೆರಡರಲ್ಲಿ ಅವರಾರೂ ಸ್ಥೂಲಕಾಯರೆನ್ನುವಂತಿರಲಿಲ್ಲ, ಅದೇ ಸೋಜಿಗ! ಕೊಬ್ಬು ಹೆಚ್ಚಿದ ಮೈ ಇನ್ಸುಲಿನ್ನಿನ ಮಾತಿಗೆ ಕಿವಿಗೊಡದು.

ಆದ್ದರಿಂದ ಮೊದಲ ಎರಡು ವರ್ಷ ಮಗು ಬೆಳೆಯಲಿ, ಉದ್ದವೂ ಬೆಳೆಯಲಿ. ಬಳಿಕ ಮೈ ತುಂಬಿಸುವ ಆತುರ ಬೇಡ ಎಂದರು ಡಾಕ್ಟರು. ನಮ್ಮ ಮಗುವಿಗೆ ತಾಯಿಯ ಹಾಲು ಸಾಕು, ಡಬ್ಬಿ ಬೇಡವೆಂದೂ ಹೇಳಿದರು. ಹಾಲು ಸಾಲದ ತಾಯಂದಿರು ತಮ್ಮ ಡಾಕ್ಟರನ್ನೇ ಕೇಳಬೇಕು, ನನ್ನನ್ನಲ್ಲ. ಎರಡು ವರ್ಷವಾದರೂ ಎತ್ತರ ಹಿಂದುಳಿದರೆ ಹಾರ್ಮೋನು ತಜ್ಞರಿಗೆ ತೋರಿಸಬೇಕು, ನಮ್ಮೂರಿನ ಪಿ.ಜಿ. ಆಸ್ಪತ್ರೆಯಲ್ಲಿ ಅದಕ್ಕೊಂದು ವಿಭಾಗವೇ ಇದೆ. ಕೆಲವರಿಗೆ ಬೆಳವಣಿಗೆಯ ಹಾರ್ಮೋನಿನ ಇಂಜೆಕ್ಷನ್ ಕೊಡುವುದುಂಟು.

ಇಂಗ್ಲೆಂಡಿನವರ ಮಾತಿಗೆ ಜಗ್ಗದ ಅತ್ತೆಯವರು ಮಂಡಿ ಮೊಹಲ್ಲದ ಹೆಸರು ಕೇಳಿ ಮೆತ್ತಗಾದರು. "ನಾನು ಹುಟ್ಟಿದ್ದೂ ಅಲ್ಲೇ ಅಲ್ಲವೇ! ನನ್ನ ತೂಕವನ್ನೂ ಬರೆದಿರಬೇಕು" ಎಂದರು. ಈಗ ಮಗುವಿಗೆ ಹದಿನಾಲ್ಕು ತಿಂಗಳು. ಕಾರ್ಡಿನಲ್ಲಿ ಗೆರೆ ಮೇಲೇರುತ್ತಿದೆ, ಅಷ್ಟೊಂದು ಬೇಗನೆ ಅಲ್ಲ. ಪ್ರತಿ ತಿಂಗಳೂ ಮೈಸೂರಿನಿಂದ ಫೋನು ಬರುತ್ತದೆ: "ತೂಕ ಇರಲಿ, ಉದ್ದ ಎಷ್ಟಾಯಿತು ಹೇಳಿ."