ಪೇಸ್ಟಿನೊಳಗಿನ ಉಪ್ಪು

ಊರಿಗೆ ಹೊರಟಾಗ ನಮ್ಮ ಪೆಟ್ಟಿಗೆಯಲ್ಲಿ ಸೋಪು, ಖರ್ಜೂರ, ಹಾಲಿನಪುಡಿಯ ಜೊತೆ ನಾಲ್ಕು ಟೂತ್‌ಪೇಸ್ಟ್ ಇರಲೇಬೇಕು. ಈ ವರ್ಷ ಆ ಟ್ಯೂಬಿನ ಹಿಂಬದಿ ಓದೋಣ. ಸಣ್ಣ ಅಕ್ಷರದಲ್ಲಿ ‘ಸೋಡಿಯಂ ಫ್ಲೋರೈಡ್ ಶೇ. 0.32’ ಎಂದೋ ‘1450 ಪಿಪಿಎಂ’ ಎಂದೋ ಇರುತ್ತದೆ. ಎರಡೂ ಒಂದೇ ಲೆಕ್ಕ. ಈ ಉಪ್ಪಿನ ತೂಕದಲ್ಲಿ ಶೇ. 45ರಷ್ಟು ಮಾತ್ರ ಫ್ಲೋರೈಡ್.

ನೋಡಲು ಅಡುಗೆ ಉಪ್ಪಿನ ಹಾಗೆ ಬಿಳಿ, ನೀರಲ್ಲಿ ಕರಗುತ್ತದೆ. ಆದರೆ ಕ್ಯಾಲ್ಸಿಯಂ ಸಿಕ್ಕರೆ ಹಿಡಿದುಕೊಂಡು ಕರಗದ ಕ್ಯಾಲ್ಸಿಯಂ ಫ್ಲೋರೈಡ್ ಆಗಿಬಿಡುತ್ತದೆ. ಅದಕ್ಕೇ ಸೀಮೆಸುಣ್ಣದ ಪುಡಿ ಹಾಕಿದ ಪೇಸ್ಟಿಗೆ ಇದು ಒಗ್ಗದು. ಅಲ್ಲಿ ಸೋಡಿಯಂ ಮೊನೊಫ್ಲೋರೋಫಾಸ್ಫೇಟ್ ಬಳಸುತ್ತಾರೆ. ಹಲ್ಲಿಗೆ ಅನುಕೂಲವಾಗುವುದೂ ಇದೇ ಗುಣ. ಸಿಹಿ ತಿಂದ ಮೇಲೆ ಆಮ್ಲಕ್ಕೆ ಕರಗಿದ ಕ್ಯಾಲ್ಸಿಯಂ, ಫ್ಲೋರೈಡ್ ಇದ್ದರೆ ಬೇಗ ಹಲ್ಲಿಗೆ ಮರಳುತ್ತದೆ, ಮೊದಲಿಗಿಂತ ಗಟ್ಟಿಯಾಗಿ. ಹೊಟ್ಟೆಗೆ ಹೆಚ್ಚು ಹೋದರೆ ಮಾತ್ರ ರಕ್ತದ ಕ್ಯಾಲ್ಸಿಯಮ್ಮನ್ನೇ ಎಳೆಯುತ್ತದೆ. ಮಗು ಪೇಸ್ಟ್ ತಿಂದುಬಿಟ್ಟರೆ ವಾಂತಿ ಮಾಡಿಸಬೇಡಿ. ಹಾಲು ಕುಡಿಸಿ ಆಸ್ಪತ್ರೆಗೆ ಓಡಿ.

ಇಲ್ಲಿ ನಮ್ಮ ನಲ್ಲಿಗೆ ಬರುವುದು ಬಹುಪಾಲು ಉಪ್ಪು ತೆಗೆದ ಸಮುದ್ರದ ನೀರು. ಅದರಲ್ಲಿ ಫ್ಲೋರೈಡೂ ಹೋಗಿರುತ್ತದೆ. ಬಿಸಿಲಿಗೆ ದಿನಕ್ಕೆ ಮೂರು ಪೆಪ್ಸಿ ಕುಡಿಯುವ ನಮಗೆ ಪೇಸ್ಟೇ ಗತಿ. ಉಜ್ಜಿದ ಮೇಲೆ ಉಗುಳಿ ಸಾಕು, ನೀರು ಹಾಕಿ ಮುಕ್ಕಳಿಸಬೇಡಿ.

ಊರಿನ ಕಥೆ ಬೇರೆ. ಮುಂಡರಗಿ ಕಡೆಯವರೊಬ್ಬರು ನಮ್ಮ ಕೌಂಟರಿಗೆ ಬಂದು, “ಸರ, ಮಗಳ ಹಲ್ಲು ಕಂದು ಆಗ್ಯಾವ, ಬೆಳ್ಳಗ ಆಗೂ ಪೇಸ್ಟ್ ಕೊಡ್ರಿ” ಎಂದರು. ಒಂಬತ್ತು ವರ್ಷದ ಹುಡುಗಿ. ಫೋನಿನಲ್ಲಿ ದಿನಾ ಬೈದು ಉಜ್ಜಿಸುತ್ತಿದ್ದರಂತೆ, ಒಸಡಲ್ಲಿ ರಕ್ತ ಬರುವಷ್ಟು. ಅದು ಕೊಳೆಯಲ್ಲ ಎಂದು ಹೇಳಲು ನಮಗೇ ಕಷ್ಟವಾಯಿತು. ಮುಂಡರಗಿ, ಪಾವಗಡ, ಬಾಗೇಪಲ್ಲಿ ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಕಲ್ಲಿನಿಂದ ಕರಗಿದ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿರುತ್ತದೆ. ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಕಲೆ ಕೂತಿರುತ್ತದೆ, ಉಜ್ಜಿದರೆ ಹೋಗದು. ವರ್ಷಗಟ್ಟಲೆ ಕುಡಿದರೆ ಮೂಳೆಗೂ ಇಳಿಯುತ್ತದೆ.

“ಕುದಿಸಿ ಕುಡಿಸ್ತೀವ್ರಿ” ಎಂದರು. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಉಳಿದು ಇನ್ನೂ ಗಟ್ಟಿಯಾಗುತ್ತದೆ. ಆರ್‌ಓ ಫಿಲ್ಟರೋ ಮಳೆನೀರೋ ಬೇಕು. ಮೊದಲು ನೀರಿನ ಪರೀಕ್ಷೆ. ಪೇಸ್ಟ್ ಬಿಡಬೇಕಿಲ್ಲ: ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಷ್ಟು, ಆರರವರೆಗೆ ಬಟಾಣಿಯಷ್ಟು, ದೊಡ್ಡವರ ಕಣ್ಣೆದುರಿಗೆ.

ಅವರು ಪೇಸ್ಟ್ ಕೊಳ್ಳಲಿಲ್ಲ. ಬಾಗಿಲ ತನಕ ಹೋದವರು ತಿರುಗಿ ಬಂದು, ಹುಡುಗಿಗೆ ಒಂದು ವರ್ಷದ ತಮ್ಮ ಇದ್ದಾನೆ, ಅವನಿಗೂ ಹೀಗೇ ಆಗುತ್ತದಾ ಎಂದು ಕೇಳಿದರು. ಅವನ ದೊಡ್ಡ ಹಲ್ಲುಗಳು ಈಗಷ್ಟೇ ಒಳಗೆ ಬೆಳೆಯುತ್ತಿವೆ, ಈಗಲೇ ನೀರು ಬದಲಿಸಿ ಎಂದೆವು. ಅಲ್ಲೇ ನಿಂತು ಮನೆಗೆ ಫೋನ್ ಹಚ್ಚಿದರು.